ಗಂಟೆ ಎಂದರೆ

ಆಂಕರೇಜಿನ ವಕೀಲರು ಕಳಿಸಿದ ಕರಾರು
ಡಿಲಿಂಗ್‌ಹ್ಯಾಮಿನ ಶೆಡ್ಡಿನಲ್ಲಿ ನನ್ನ ಸ್ಪ್ಯಾನರಿನ ಕೆಳಗೆ ಬಿದ್ದಿದೆ.
ಎರಡನೆಯ ಪುಟ: ಇನ್ನು ಮುಂದೆ ‘ಟಿಬಿಒ’ ಎಂದರೆ
ಒಂದು ಓವರ್‌ಹಾಲಿನಿಂದ ಇನ್ನೊಂದಕ್ಕೆ ತಯಾರಕರು ಹೇಳಿದ ಅವಧಿ,
ಎರಡು ಸಾವಿರ ಗಂಟೆ ಅಥವಾ ಹನ್ನೆರಡು ವರ್ಷ,
ಯಾವುದು ಮೊದಲೋ ಅದು,
ಕಾಲಕಾಲಕ್ಕೆ ತಿದ್ದುಪಡಿಯಾದಂತೆ.

ಮೂರು ಅಕ್ಷರಕ್ಕೆ ಇಷ್ಟೊಂದು ಮಾತಿನ ಕಾವಲು.
ಗಂಟೆ ಎಂದರೇನೆಂದು ಮಾತ್ರ ಯಾರೂ ಬರೆದಿಲ್ಲ.

ಹಾಲ್ವರ್ಸನ್, ನೀನು ಟ್ಯಾಕೋಮೀಟರ್ ತೋರಿಸುತ್ತೀಯ:
ಸಾವಿರದ ಒಂಬೈನೂರ ನಲವತ್ತು.
ಅದು ಸೋಮಾರಿ ಗಡಿಯಾರ ಮಾರಾಯ,
ಇಂಜಿನ್ ಮೆಲ್ಲಗೆ ಉಸಿರಾಡಿದರೆ ಅದೂ ತೂಕಡಿಸುತ್ತದೆ.
ನನ್ನ ಡೈರಿಯಲ್ಲಿ, ಕೈಗಡಿಯಾರದ ಲೆಕ್ಕದಲ್ಲಿ,
ಎರಡು ಸಾವಿರ ದಾಟಿ ನೂರಾ ಹತ್ತು.

ಮತ್ತೆ ಆ ಎರಡು ಚಳಿಗಾಲ?
ಟಾರ್ಪಾಲು ಹೊದ್ದು ಹಿಮದಲ್ಲಿ ನಿಂತಿದ್ದಾಗ
ಸಿಲಿಂಡರಿನೊಳಗೆ ತುಕ್ಕೊಂದೇ
ಪಾಳಿಯ ಮೇಲೆ ಪಾಳಿ ದುಡಿಯಿತಲ್ಲ,
ಅದು ಯಾರ ಗಂಟೆ?

ನಾನು ಅಗಾಫಿಯಾ, ವಾಸಿಲಿ ಮನೆಯವಳು.
ಎಣ್ಣೆ ಬಂದಾಗ ಕಣ್ಣು ಮುಚ್ಚುವವಳಲ್ಲ.
ಇವತ್ತು ಫಿಲ್ಟರ್ ಕೊಯ್ದು, ಮಡಿಕೆ ಬಿಡಿಸಿ
ಕಿಟಕಿಯ ಬೆಳಕಿಗೆ ಹಿಡಿದೆ.
ಮೀನಿನ ಹುರುಪೆಗಿಂತ ಸಣ್ಣ ಮಿನುಗು,
ಮೂರೇ. ಅಯಸ್ಕಾಂತ ಒಡ್ಡಿದೆ, ಹಾರಿ ಅಂಟಿದವು.

ಕರಾರಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯಹೋದೆ:
‘ಗಂಟೆ’ ಎಂದರೆ, ಈ ಕರಾರಿನ ಉದ್ದೇಶಕ್ಕೆ,
ಟೋಗಿಯಾಕಿನಿಂದ ಬಸುರಿಯೊಬ್ಬಳನ್ನು ಹೊತ್ತು
ಮಂಜಿನ ಮೇಲೆ ಹಾರುವಾಗ
ಪೈಲಟ್ ಮಾತು ನಿಲ್ಲಿಸಿ ಕಿವಿಯಾಗುವ

ಮುಂದೆ ಹೊಳೆಯಲಿಲ್ಲ.
ಪ್ರೊಪೆಲ್ಲರಿಗೆ ಕೆಂಪು ಪಟ್ಟಿ ಕಟ್ಟಿದ್ದೇನೆ.
ವಕೀಲರಿಗೆ ನೀನೇ ಫೋನ್ ಮಾಡು.