ಹದಿನಾರನೆಯ ಕಂಬ

ಸೀಮೆಸುಣ್ಣದಲ್ಲಿ ಒಂದು, ಎರಡು, ಮೂರು
ನಾನೇ ಬರೆದ ಅಂಕಿ.
ಬಿಚ್ಚಿದ್ದನ್ನು ಮತ್ತೆ ಕೂಡಿಸಲಿಕ್ಕೆ ಬೇರೆ ದಾರಿಯಿಲ್ಲ.
ಸೊರಬದಾಚೆ ಶ್ಯಾನುಭೋಗರ ಚೌಕಿಮನೆ ಮಾರಿದ್ದಾರೆ
ನೆಲ ಬಿಟ್ಟು, ಮರ ಮಾತ್ರ.
ಕೊಂಡವರು ಕುಂದಾಪುರದ ಹೋಟೆಲಿನವರು.
ಹೆಬ್ಬಾಗಿಲು ಆಗಲೇ ಗೋಣಿತಾಟು ಹೊದ್ದು
ಲಾರಿಯಲ್ಲಿ ಅಂಗಾತ ಮಲಗಿದೆ,
ಅಗುಳಿ ಎದೆಯ ಮೇಲೆ.

ಚೌಕಿಯ ಸುತ್ತ ಹದಿನಾರು ಮುಂಡಿಗೆ.
ಹದಿನೈದರ ಮೈತುಂಬ ಬಳ್ಳಿ, ಹಂಸ,
ಬಾಳೆಮೊಗ್ಗು ತೂಗುವ ಬೋದಿಗೆ,
ಗಿಣಿಯ ಕೊಕ್ಕಿನಲ್ಲೊಂದು ಭತ್ತದ ತೆನೆ,
ಕಾಳು ಎಣಿಸಬಹುದು.
ಹದಿನಾರನೆಯದು ಬೋಳು.
ಅಡಿಗೆಮನೆ ಬಾಗಿಲ ಪಕ್ಕ,
ಬಾಚಿಯ ಏಟು ಬಿದ್ದದ್ದು ಬಿದ್ದ ಹಾಗೇ.

ದೃಷ್ಟಿಗೆ ಬಿಟ್ಟದ್ದು ಎನ್ನುತ್ತಿದ್ದರು ಮನೆಯವರು.
ದಿಬ್ಬಣ ಬಂದರೆ ಮೊದಲು ತೋರಿಸುವುದೇ ಅದನ್ನು,
ಅಷ್ಟು ಚೆಂದಕ್ಕೆ ಇಷ್ಟು ಕುಂದು ಬೇಕಂತೆ.
ಕೂಸಿಗೆ ಕಾಡಿಗೆ ಬೊಟ್ಟಿಟ್ಟ ಬೆರಳನ್ನು
ಅದಕ್ಕೇ ಒರೆಸಿ ಒರೆಸಿ
ಸೊಂಟದೆತ್ತರಕ್ಕೆ ಒಂದು ಕಪ್ಪು, ನುಣುಪು.

ನಮ್ಮ ಮನೆಯಲ್ಲೂ ಬೇರೆ ಕಥೆಯಿರಲಿಲ್ಲ.
ಅಜ್ಜನ ಅಪ್ಪ, ಗುತ್ಯಪ್ಪ ಗುಡಿಗಾರ, ಕೆತ್ತಿದ ಮನೆ. ಅಷ್ಟೇ.
ಅವನ ಉಳಿ ಉಳಿದಿದೆ, ಮಾತು ಉಳಿದಿಲ್ಲ.

ನಿನ್ನೆ ಮಧ್ಯಾಹ್ನ ಜ್ಯಾಕಿ ಕೊಟ್ಟು ತೊಲೆ ಎತ್ತಿದೆವು.
ಬೋದಿಗೆ, ದವಡೆಹಲ್ಲು ಕಿತ್ತ ಹಾಗೆ, ಬಂತು.
ಕಂಬದ ನೆತ್ತಿಯಲ್ಲಿ, ಬೆಳಕು ಕಾಣದ ಕಚ್ಚಿನ ಮೇಲೆ,
ಹೊನ್ನೆಯ ಕೆಂಪು ಇನ್ನೂ ಮಾಸದ ಕಡೆ
ಸಣ್ಣ ಉಳಿಯ ಅಕ್ಷರ:
ಬಹುಧಾನ್ಯ ಸಂವತ್ಸರ. ಬತ್ತ ಮೂರು ಖಂಡುಗ ಬಾಕಿ. ಕೈ ಎತ್ತಿದೆ.

ಏಣಿಯ ಮೇಲೇ ಕೂತೆ.
ಬಹುಧಾನ್ಯ!
ಗಿಣಿಗೆ ತೆನೆ ಕೊಟ್ಟವನು
ಆ ವರ್ಷ ಏನುಂಡ?

ಕೆಳಗಿನಿಂದ ಭಾಗೀರಥಮ್ಮ, ಆ ಮನೆಯ ಸೊಸೆ,
"ನಿಧಿ ಗಿಧಿ ಸಿಕ್ತೇನೋ?"
ಓದಿ ಹೇಳಿದೆ.
ತುಸು ಹೊತ್ತು ನೆಲ ನೋಡಿದರು.
"ಬಡ್ಡಿ ಎಷ್ಟಾಗಿರಬಹುದು?" ಅಂದರು, ನಗದೆ.
ಆಮೇಲೆ ಸೆರಗಿನ ತುದಿಯಿಂದ
ಆ ಕಾಡಿಗೆಯ ಕಲೆ ಉಜ್ಜಿದರು.
ಹೋಗಲಿಲ್ಲ.

ಸಂಜೆ ಹೋಟೆಲಿನವರು ಬಂದರು.
"ಇದೊಂದಕ್ಕೂ ಕೆತ್ತಿಬಿಡಿ ಆಚಾರ್ರೇ,
ಎಲ್ಲ ಒಂದೇ ಥರ ಕಾಣಲಿ. ಕೂಲಿ ಕೊಡುವ."
ಬಾಚಿ ಗುರುತಿನ ಮೇಲೆ ಹೆಬ್ಬೆರಳಾಡಿಸಿದೆ.
ಒಂದು ಗುರುತಿಗೂ ಮತ್ತೊಂದಕ್ಕೂ
ನನ್ನ ಕೈಯ ಅಂತರವೇ.
"ಆಗಬಹುದು," ಅಂದೆ,
"ಹಳೆ ಬಾಕಿ ಅಳೆದುಕೊಟ್ಟ ಮೇಲೆ."

ಅವರು ಮೊಬೈಲು ತೆಗೆದು ಕೇಳಿದರು:
ಖಂಡುಗ ಅಂದರೆ ಎಷ್ಟು ಕೇಜಿ?