ಬನವ್ವತ್ತಿಯ ಡ್ಯೂಟಿ ಚಾರ್ಟು

ಮಗ್ಗ ಬಿಚ್ಚಿದ ಮೂಲ್ಯಾಗ ಈಗ ಕಬ್ಬಿಣದ ಮಂಚ.
ಕುಣಿಗೆ ಮೊರಂ ತುಂಬಿ ಮೌನೇಶ ಸಿಮೆಂಟು ಬಳದಾನ,
ಆದ್ರೂ ಅಲ್ಲಿ ಕಾಲಿಟ್ರ
ನೆಲ ಇನ್ನೂ ತುಸು ಟೊಳ್ಳು ಅಂತೈತಿ.

ರಾತ್ರಿ ಒಂಬತ್ತಕ್ಕ ಕುಂತೇವಿ: ನಾನು, ನಮ್ಮಣ್ಣ, ವೈನಿ ಅಂಬಿಕಾ.
ಹಳೇ ವೇ ಬಿಲ್ಲಿನ ಬೆನ್ನಿಗೆ ನಾನ ಗೆರಿ ಹೊಡದೆ.
ಕಂಡಕ್ಟರಿಕಿ ನಾನು, ನನಗ ಗೊತ್ತಿರೋದು ಇಷ್ಟ:
ಯಾವ ಸ್ಟೇಜಿಗೆ ಯಾರು ಹತ್ತೂದು, ಯಾರು ಇಳಿಯೂದು,
ಕಡೀಕ ಕೈಯಾಗ ಚಿಲ್ಲರೆ ಎಷ್ಟು ಉಳಿಯೂದು.

ನಸಿಕಲೆ ಐದಕ್ಕ ಬಿಸಿನೀರು, ಮಾರಿ ಒರಸೂದು, ಚಾದರ ಬದಲಿ: ನಾನು.
ಅಷ್ಟೊತ್ತಿಗೆ ಅಂಬಿಕಾ ಹಾಸ್ಟೆಲ್ಲಿನ ಅಡಗಿಗೆ.
ಐದೂ ನಲವತ್ತಕ್ಕ ಗುಳೇದಗುಡ್ಡ ಸ್ಟ್ಯಾಂಡಿನಿಂದ ನನ್ನ ಗಾಡಿ.
ಆರಕ್ಕ ಪವರ್‌ಲೂಮಿನ ರಾತ್ರಿ ಪಾಳಿ ಮುಗಿಸಿ ಮೌನೇಶ.
ನಡುವೆ ಅರ್ಧ ತಾಸು
ಯಾರ ಹೆಸರಿಗೂ ಇಲ್ಲ.
ಅಂಬಿಕಾ ನನ್ನ ನೋಡಿದ್ಲು, ನಾನು ಮೌನೇಶನ್ನ,
ಮೌನೇಶ ತನ್ನ ಅಂಗೈ.
ಗ್ವಾಡಿ ಆಚಿಂದ ಹಜರತಬಿ ಅಂದ್ಲು:
"ಆ ಅರ್ಧ ತಾಸು ನನಗ ಬಿಡ್ರಿ,
ನಮಾಜಿಗೆ ಹೆಂಗೂ ಎದ್ದಿರತೇನಿ."
ಈ ಗ್ವಾಡಿ ಇಷ್ಟು ತೆಳ್ಳಗೈತಿ ಅಂತ
ಮೂವತ್ತು ವರ್ಷಕ್ಕ ಇವತ್ತ ಗೊತ್ತಾತು.

ಎರಡು ತಾಸಿಗೊಮ್ಮೆ ಮಗ್ಗಲಾ ಹೊರಳಸೂದು.
ಬೆನ್ನು ಕೆಂಪಾದ್ರ ಬರೆಯೂದು, ಮುಚ್ಚಿಡಬಾರದು.
ಗಂಜಿ ಗಟ್ಟಿ ಇರ್ಲಿ, ನೀರು ಚಮಚದಾಗ,
ನುಂಗೂವಾಗ ಗದ್ದ ಎದಿ ಕಡೆ;
ದವಾಖಾನಿ ನರ್ಸು ತನ್ನ ಗದ್ದ ಬಗ್ಗಿಸಿ ತೋರಿಸಿದ್ಲು.
ಬಟ್ಟಿ ಸುತ್ತೋ ದಿಂಡು ಬಚ್ಚಲ ಗ್ವಾಡಿಗೆ ಹಿಡಿಕಿ ಆಗೈತಿ.
ಅದರ ಮೈ ನುಣುಪು ಮಾಡಿದ್ದು ಅತ್ತಿಯ ಕೈನ,
ಆ ಕೈಗ ಈಗ ಹಿಡಿಯೂದು ನೆನಪಿಲ್ಲ.

ರವಿವಾರ ನನಗ ವೀಕ್ಲಿ ಆಫ್.
'ಅಂಬಿಕಾಗ ಬಿಡುವು' ಅಂತ ಬರದೆ.
ಅಕಿ ಓದಿ ನಕ್ಕು,
"ಬಿಡುವು ಮಾಡೂದ್ಯಾರು?" ಅಂದ್ಲು.
ಅಳಸಲಿಲ್ಲ, ಹಂಗ ಬಿಟ್ಟೆ.

ಲಕ್ವಾ ಹೊಡದ ಮ್ಯಾಲೆ ಅತ್ತಿ ಬಾಯಾಗ
ಮಾತು ಉಳದಿಲ್ಲ, ಎಣಿಕಿ ಉಳದೈತಿ.
ಐವತ್ತು ವರ್ಷ ಖಣದ ಎಳಿ ಎಣಿಸಿದ ನಾಲಿಗಿ.
ಹಸಿವ್ಯಾದ್ರ ಹನ್ನೆರಡು.
ಸಿಟ್ಟಿಗೆ ನಲವತ್ತು.
ನನ್ನ ಕರಿಯೂದು ಏಳು.

"ಮೂರು" ಅಂದ್ಲು ಮಂಚದ ಮ್ಯಾಲಿಂದ.
ಮೂರು ಗಂಟೆ ಗುಳಿಗಿ ಏನತ್ತಿ? ಅಲ್ಲ.
ಇನ್ನೊಂದು ದಿಂಬು? ಅಲ್ಲ.
"ಮೂರು, ಮೂರು." ಎಡಗೈಲೆ ಹಾಳಿ ಬಡದು, "ನಲವತ್ತು!"
ಮೌನೇಶ ನೀರು ತಂದ, ದೂಡಿದ್ಲು.
ನಾನು ಗೆರಿ ಎಣಿಸಿದೆ:
ಹೊತ್ತಿಗೊಂದು ಕಾಲಮ್ಮು, ಮಾಡೋರ ಹೆಸರಿಗೊಂದು.
ಎರಡ ಅದಾವ.

ಮೂರನೇದು ಹೊಡದೆ. ಪೆನ್ನು ಕೊಟ್ಟೆ.
ಎಡಗೈ ಪೆನ್ನು ಹಿಡದಿದ್ದ ಇಲ್ಲ ಎಂದೂ,
ಬಾಚಣಿಕಿ ಹಿಡದಂಗ ಹಿಡೀತು.
'ಮಂಗಳವಾರ ತಲಿಸ್ನಾನ': ಅಡ್ಡ ಗೆರಿ.
'ಮಧ್ಯಾಹ್ನ ಟಿ.ವಿ.': ಅಡ್ಡ ಗೆರಿ, ಹಾಳಿ ಹರಿಯೂಹಂಗ.
ಗಂಜಿಗೆ ತಡದು ತಡದು ಒಂದು ಚುಕ್ಕಿ.
ಹಜರತಬಿಯ ಅರ್ಧ ತಾಸಿಗೆ ಚುಕ್ಕಿ ಮ್ಯಾಲೆ ಚುಕ್ಕಿ.
"ಅಷ್ಟ್ಯಾಕ ಅಕಿಗೆ?" ಅಂದ ಮೌನೇಶ, ಮಾರಿ ಸಣ್ಣದು ಮಾಡಿ.

ನನ್ನ ಐದು ಗಂಟೆ ಬಿಸಿನೀರಿನ ಮುಂದ
ಪೆನ್ನು ನಿಂತೇ ಬಿಟ್ಟಿತು.
ಚುಕ್ಕಿ ಇಲ್ಲ, ಗೆರಿ ಇಲ್ಲ.
ನನ್ನ ಮಾರಿ ನೋಡಿ ಅಂದ್ಲು,
"ಏಳು."

ನನ್ನ ಕರದ್ಲೋ,
ಅಷ್ಟು ನಸಿಕಲೆ ಬ್ಯಾಡ, ಏಳು ಗಂಟೆಗೆ ಅಂದ್ಲೋ,
ಹೊತ್ತಾತು, ನಾಳೆ ಡ್ಯೂಟಿ ಐತಿ, ಎದ್ದು ಹೋಗಿ ಮಲಕ್ಕೋ ಅಂದ್ಲೋ.
ಅಂಬಿಕಾ ದೀಪ ಆರಿಸಿದ್ಲು.
ನಾನು ಅಲಾರ್ಮಿನ ಮ್ಯಾಲೆ ಬೆರಳಿಟ್ಟು
ಟೊಳ್ಳು ನೆಲದ ಮ್ಯಾಲೆ ಇನ್ನೂ ಕುಂತೇನಿ.