ಉಸಿರಿನೊಳಗೊಂದು ಕತ್ತರಿ

ಫಿಲಮೀನಾ ಅತ್ತೆಯ ಕೆಮ್ಮು
ಏಪ್ರಿಲ್‌ನಲ್ಲಿ ಏಡಿಯ ಜೊತೆ ದಡಕ್ಕೆ ಬರುತ್ತಿತ್ತು,
ಜುಲೈಯಲ್ಲಿ ಏಡಿಯ ಜೊತೆ ಹೋಗುತ್ತಿತ್ತು.
ಈಗ ಹೋಗುವುದನ್ನು ಮರೆತಿದೆ.
ಗಲ್ ಕೋವಿನಲ್ಲಿ ಇದಕ್ಕೆ ಹೆಸರೇ ಇದೆ: ಏಡಿದಮ್ಮು.
ಡಾಕ್ಟರು ಬರೆಯುವುದು ಬೇರೆ ಏನೋ.

ಕಾಡ್ ಮೀನು ಕೈಬಿಟ್ಟ ವರ್ಷ ನಾನಿನ್ನೂ ತೊಟ್ಟಿಲಲ್ಲಿದ್ದೆ.
ಗಂಡಸರು ಆಲ್ಬರ್ಟಾದ ಎಣ್ಣೆಮಣ್ಣು ಅಗೆಯಲು ಹೋದರು.
ಆಮೇಲೆ ಹಿಡಿದದ್ದು ಹಿಮದ ಏಡಿ, ಉದ್ದ ಕಾಲಿನದು,
ಮೊದಲೆಲ್ಲ ಬಲೆಗೆ ಸಿಕ್ಕಿಕೊಂಡರೆ ಬೈದು ಬಿಸಾಡುತ್ತಿದ್ದದ್ದು.
ಅತ್ತೆ ಏಪ್ರನ್ ಕಟ್ಟಿದಳು. ಇಪ್ಪತ್ತಾರು ಸೀಸನ್ನು.
ಕುದಿವ ತೊಟ್ಟಿಯ ಹಬೆ, ಗರಗಸದ ಪುಡಿ,
ಕಾಲು ಮುರಿ, ಮಾಂಸ ಕೊಡವು, ಚಿಪ್ಪು ಒಗೆ,
ಕಾಲು ಮುರಿ, ಮಾಂಸ ಕೊಡವು.
ಭಾನುವಾರ ಜಪಸರ ಹಿಡಿದರೂ ಬೆರಳುಗಳು
ಮಣಿಯನ್ನು ಮುರಿಯಲು ನೋಡುತ್ತಿದ್ದವಂತೆ.

ಚಿಪ್ಪನ್ನು ದೋಣಿಗೆ ತುಂಬಿ ಭೂಶಿರದಾಚೆ ಸುರಿದು ಬರುತ್ತಿದ್ದರು.
ಮಿಕ್ಕದ್ದು ಷೆಡ್ಡಿನ ಹಿಂದೆ ರಾಶಿ.
ಗಾಳಿ ತಿರುಗಿದ ದಿನ
ಪಾದ್ರಿಯ ಪ್ರಸಂಗಕ್ಕೂ ಅದರದೇ ನಾತ.

ಈಗ ಅದೇ ಷೆಡ್ಡಿನಲ್ಲಿ ಒಂದು ಸ್ಟೀಲಿನ ತೊಟ್ಟಿ ನನ್ನದು.
ನಲವತ್ತೈದು ಡಿಗ್ರಿ.
ಏರಿದರೆ ಕಿಣ್ವ ಸಾಯುತ್ತದೆ, ಇಳಿದರೆ ತೂಕಡಿಸುತ್ತದೆ.
‘ಜೀವವೇ ಇಲ್ಲದ್ದು ಸಾಯುವುದು ಹೇಗೆ?’
ಎಂದ ಲೆನ್ ಕೀಪಿಂಗ್, ವಾಲ್ವು ತಿರುಗಿಸುತ್ತ.
ಉತ್ತರ ಗೊತ್ತು. ಆದರೂ ನಾನು
ಸಾಯುತ್ತದೆ ಅಂತಲೇ ಅನ್ನುತ್ತೇನೆ.

ಅತ್ತೆಗೆ ಹೇಳಿದೆ:
ಸಕ್ಕರೆಯ ಮಣಿಗಳ ಉದ್ದ ಸರ,
ಸರದ ಪಕ್ಕ ಸರ ಬಿಗಿದು ಸುಣ್ಣ ಮೆತ್ತಿದರೆ ಚಿಪ್ಪು.
ಬೇರೆ ಕಡೆ ಇದನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸುತ್ತಾರೆ,
ಬೀಗ ತೆಗೆಯಲು ಮನೆಗೇ ಬೆಂಕಿ ಇಟ್ಟ ಹಾಗೆ.
ಇದು ಗಂಟು ಹುಡುಕಿ ಹುಡುಕಿ ಕತ್ತರಿಸುತ್ತದೆ.
‘ಸದ್ದಿಲ್ಲದೆ?’
ಸದ್ದಿಲ್ಲದೆ.
ರಾತ್ರಿ ಹಿಟ್ಟು ನಾದಿ, ಕಂಬಳಿ ಹೊದಿಸಿ,
ನಂಬಿ ಮಲಗುವವಳಿಗೆ
ಹೆಚ್ಚು ಹೇಳಬೇಕಾಗಲಿಲ್ಲ.

ಕತ್ತರಿ ಸಿಕ್ಕಿದ್ದು ಎಲ್ಲಿ ಅಂದರೆ
ಅದೇ ರಾಶಿಯಡಿಯ ಕಪ್ಪು ಕೆಸರಿನಲ್ಲಿ.
ನಾವು ಮೂಗು ಮುಚ್ಚಿ ಓಡುತ್ತಿದ್ದ ಜಾಗದಲ್ಲಿ
ಒಂದು ಬ್ಯಾಕ್ಟೀರಿಯಾ ಸಂಸಾರ ಹೂಡಿತ್ತು.
ಕಡಲ ತುಂಬ ಇಂಥವು ಇರಲೇಬೇಕು,
ಇಲ್ಲವಾದರೆ ಇಷ್ಟು ಯುಗ ಕಳಚಿಬಿದ್ದ ಚಿಪ್ಪಿಗೆ
ತಳವೇ ಮೇಲೆದ್ದು ದೋಣಿಗೆ ತಾಗುತ್ತಿತ್ತು.

ಬೆಳಿಗ್ಗೆ ತೊಟ್ಟಿಯಲ್ಲಿ ಆರಿದ ಚಹಾದ ಬಣ್ಣದ ನೀರು,
ಸೋಸಿ ಒಣಗಿಸಿದರೆ ಹಿಡಿಯಷ್ಟು ಪುಡಿ.
ಗಾಯದ ಪಟ್ಟಿ ಮಾಡುವವರು ಸ್ವಲ್ಪ ಒಯ್ಯುತ್ತಾರೆ,
ಸ್ವಲ್ಪ ಆಲೂಗಡ್ಡೆ ಹೊಲಕ್ಕೆ:
ನೀರಲ್ಲಿ ಕಲಸಿ ಚಿಮುಕಿಸಿದರೆ
ಬೂಷ್ಟು ಬಾಗಿಲಿಗೆ ಬಂತೆಂದು ಎಲೆ ಬೆಚ್ಚಿ
ಒಳಗಿಂದ ಅಗಳಿ ಹಾಕಿಕೊಳ್ಳುತ್ತದೆ.
ಬಾರದ ಕಳ್ಳನಿಗೆ ದೀಪ ಹಚ್ಚಿ ಕೂತ ಮನೆ.
ಅತ್ತೆ ನಕ್ಕಳು. ನಗು ಕೆಮ್ಮಿಗೆ ಹೊರಳಿತು.

ಅದು ಮುಗಿಯುವವರೆಗೆ ಅವಳ ಬೆನ್ನು ಸವರುತ್ತ
ನಾನು ಬಾಯಿಬಿಡದೆ ಇಟ್ಟುಕೊಂಡದ್ದು ಇಷ್ಟು:
ನಮ್ಮ ಮೈಯಲ್ಲಿ ಎಲ್ಲೂ ಚಿಪ್ಪಿಲ್ಲ,
ಆದರೂ ಕತ್ತರಿ ಇದೆ,
ಜಠರದಲ್ಲಿ, ಶ್ವಾಸಕೋಶದಲ್ಲಿ, ಇದೇ ಕುಲದ್ದು.
ಯಾವ ಕಾಲದ ಮುತ್ತಜ್ಜಿ ಹುಳು ಹೆಕ್ಕಿ ತಿಂದು
ಬದುಕಿದ್ದರ ಬಳುವಳಿಯೋ.
ಇಪ್ಪತ್ತಾರು ಸೀಸನ್ನು ಈ ಎದೆಗೂಡಿನಲ್ಲಿ
ಹಬೆಯ ಜೊತೆ ಒಳಬಂದ ಚೂರು ಚೂರನ್ನೂ
ಕೂತು ಬಿಡಿಸಿರಬೇಕು ಅದು,
ಏಪ್ರನ್ ಇಲ್ಲದೆ, ಓವರ್‌ಟೈಮ್ ಇಲ್ಲದೆ.
ದಮ್ಮಿಗೆ ಕಾರಣ ಚಿಪ್ಪಲ್ಲ, ಮಾಂಸದ ಪ್ರೋಟೀನು
ಅನ್ನುತ್ತವೆ ಪುಸ್ತಕಗಳು. ಇರಬಹುದು.
ಆ ಒಳಗಿನ ಹೆಂಗಸು ಒಬ್ಬಳೇ ಇದ್ದಳು,
ಬೆಲ್ಟು ನಿಲ್ಲುತ್ತಿರಲಿಲ್ಲ.

‘ಕಿಲೋಗೆ ಎಷ್ಟು ಈ ಪುಡಿ?’
ಹೇಳಿದೆ.
ತುಟಿ ಅಲುಗಿಸುತ್ತ ಲೆಕ್ಕ ಹಾಕಿದಳು,
ಅರ್ಧದಲ್ಲಿ ಬಿಟ್ಟಳು.
ಇನ್ಹೇಲರನ್ನು ಎರಡು ಸಲ ಕುಲುಕಿ
ಅದರಲ್ಲೇ ಕಿಟಕಿಯಾಚೆ ತೋರಿಸಿದಳು,
ಮಂಜು ಕುಳಿತ ಭೂಶಿರದ ಕಡೆಗೆ:
‘ಹಾಗಾದರೆ ಅಲ್ಲಿ
ಎಷ್ಟು ಸುರಿದೆವೋ.’